ಮಾವಿಗೆ ಬೆಲೆ ಕಟ್ಟಿದ ಮೇಲೆ ಗೇಟು ಯಾಕೆ ಬಂತು?

2025ರ ಜೂನ್‌ನಲ್ಲಿ ಬಂದ ಮೂರು ಸುದ್ದಿಗಳು ಕೋಲಾರ ಜಿಲ್ಲೆಯ ಮಾವು ಬೆಳೆಗಾರರ ತಲೆ ಕೆಡಿಸಿದವು. ಮೊದಲನೆಯದು ಜೂನ್ 7ರದ್ದು. ಹೊರ ರಾಜ್ಯದ ತೋತಾಪುರಿ ಮಾವು ತಮ್ಮ ಜಿಲ್ಲೆಗೆ ಬರುವಂತಿಲ್ಲ ಎಂದು ಆಂಧ್ರದ ಚಿತ್ತೂರು ಜಿಲ್ಲಾಧಿಕಾರಿ ಆದೇಶ ಮಾಡಿದರು. ಅದಾಗಿ ಕೆಲವೇ ದಿನಕ್ಕೆ ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದು, ಆದೇಶ ವಾಪಸ್ ತೆಗೆದುಕೊಳ್ಳಿ ಎಂದರು. ತಿಂಗಳು ಮುಗಿಯುವ ಹೊತ್ತಿಗೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ತೋತಾಪುರಿಗೆ ಕ್ವಿಂಟಾಲ್‌ಗೆ 1,616 ರೂಪಾಯಿ ದರ ಒಪ್ಪಿತು.

ಒಂದೇ ದೇಶದಲ್ಲಿ ಮಾವಿನಹಣ್ಣಿಗೆ ಗಡಿ ಯಾಕೆ? 1,616 ಅಂದರೆ ಸರ್ಕಾರ ಹಣ್ಣು ಕೊಳ್ಳುತ್ತದಾ? ಕೃಷಿ ಬೆಲೆ ಆಯೋಗ ಹೇಳಿದ ಕ್ವಿಂಟಾಲ್‌ಗೆ 5,466 ರೂಪಾಯಿ ಖರ್ಚಿನ ಲೆಕ್ಕ ಎಲ್ಲಿ ಹೋಯಿತು? ಆ ಸೀಸನ್ ಮುಗಿದರೂ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿಲ್ಲ. ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುವ ಒಂದು ವಾದ ಇದೆ. ನಮ್ಮಲ್ಲಿ ಅದನ್ನು ಆಡುವವರು ಕಡಿಮೆ. ಸರ್ಕಾರ ಪೇಟೆಯಿಂದ ದೂರ ಇರಲಿ ಎನ್ನುವ ಲಿಬರ್ಟೇರಿಯನ್ ವಾದ ಅದು. ಒಪ್ಪುವುದು ಬಿಡುವುದು ಆಮೇಲಿನ ಮಾತು. ಗಡಿಯಲ್ಲಿ ಮಾವನ್ನು ತಡೆದ ಈ ಗೇಟಿನ ವಿಷಯದಲ್ಲಿ ಮಾತ್ರ ಅದರ ಲೆಕ್ಕ ಚೆನ್ನಾಗಿ ಕೂಡುತ್ತದೆ.

ಹಣ್ಣು ಈ ಕಡೆ, ಫ್ಯಾಕ್ಟರಿ ಆ ಕಡೆ

ತೋತಾಪುರಿಯನ್ನು ನಾವು ಬಲ್ಲದ್ದು ರಸ್ತೆ ಬದಿಯಲ್ಲಿ ಸೀಳಿ, ಉಪ್ಪು ಖಾರ ಹಚ್ಚಿ ಕೊಡುವ ಕಾಯಾಗಿ. ಆದರೆ ಬೆಳೆಯ ದೊಡ್ಡ ಪಾಲು ಹೋಗುವುದು ಪಲ್ಪ್ ಫ್ಯಾಕ್ಟರಿಗೆ. ಅಲ್ಲಿ ತಿರುಳಾಗಿ, ಆಮೇಲೆ ಜ್ಯೂಸ್ ಆಗಿ, ಬಾಟಲಿ ಸೇರುತ್ತದೆ. ಬಾದಾಮಿ, ರಸಪುರಿ ತಿನ್ನುವ ಹಣ್ಣು. ಬೆಂಗಳೂರಲ್ಲಿ ಹೋಗದಿದ್ದರೆ ಇನ್ನೊಂದು ಊರಲ್ಲಿ ಗಿರಾಕಿ ಸಿಗುತ್ತಾರೆ. ತೋತಾಪುರಿಗೆ ಹಾಗಲ್ಲ. ಫ್ಯಾಕ್ಟರಿ ಬೇಡ ಅಂದರೆ ಅದನ್ನು ಅಷ್ಟೊಂದು ಕೊಳ್ಳುವವರು ಬೇರೆ ಇಲ್ಲ.

ಶ್ರೀನಿವಾಸಪುರ ಮಾವಿನ ಊರು. ಫ್ಯಾಕ್ಟರಿಗಳು ಗಟ್ಟಿಯಾಗಿ ಬೇರೂರಿದ್ದು ಮಾತ್ರ ಚಿತ್ತೂರು ಕಡೆ. ಮುಳಬಾಗಿಲು ದಾಟಿ, ಗಡಿಯ ನಂಗಲಿ ದಾಟಿ, ಸುಮಾರು ನೂರು ಕಿಲೋಮೀಟರ್ ಓಡಿದರೆ ಹಣ್ಣು ಫ್ಯಾಕ್ಟರಿ ಗೇಟಿನಲ್ಲಿ. ಎರಡೂ ಕಡೆ ತೆಲುಗು, ಕನ್ನಡ ಎರಡೂ ಮಾತಾಡುವ ಜನ, ಬೀಗರು, ಪರಿಚಯದ ಮಂಡಿಗಳು. ವ್ಯಾಪಾರದ ಮಟ್ಟಿಗೆ ಇದು ಎಷ್ಟೋ ವರ್ಷದಿಂದ ಒಂದೇ ಪೇಟೆ.

ಆ ಹಣ್ಣಿನ ಇನ್ನೊಂದು ಹೆಸರು ಕೇಳಿದರೆ ನಗು ಬರುತ್ತದೆ. ತೋತಾಪುರಿಯನ್ನು ಆಂಧ್ರದ ಕಡೆ ‘ಬೆಂಗಳೂರಾ’ ಅಂತಲೂ ‘ಕಲೆಕ್ಟರ್’ ಅಂತಲೂ ಕರೆಯುತ್ತಾರೆ. ಕಲೆಕ್ಟರ್ ಮಾವನ್ನು ತಡೆದದ್ದು ಕಲೆಕ್ಟರ್ ಸಾಹೇಬರೇ.

ಗೇಟು ಎಲ್ಲಿಂದ ಬಂತು

ಆ ವರ್ಷ ಫಸಲು ಜಾಸ್ತಿ ಬಂತು. ಹಿಂದಿನ ಸೀಸನ್‌ನ ತಿರುಳೇ ಇನ್ನೂ ಗೋದಾಮಿನಲ್ಲಿದೆ, ಹೊಸದು ಎಲ್ಲಿಡೋಣ ಎಂದು ಫ್ಯಾಕ್ಟರಿಗಳು ಕೈಚೆಲ್ಲಿದವು. ಬೆಲೆ ಬಿತ್ತು. ಆಂಧ್ರ ಸರ್ಕಾರ ತನ್ನ ರೈತರಿಗೆ ಒಂದು ದರ ಹೇಳಿತು. ಫ್ಯಾಕ್ಟರಿಗಳು ಕೆಜಿಗೆ 8 ರೂಪಾಯಿ ಕೊಡಬೇಕು, ಸರ್ಕಾರ 4 ರೂಪಾಯಿ ಸೇರಿಸುತ್ತದೆ, ಒಟ್ಟು 12. ಕೇಳಲು ಇದರಲ್ಲಿ ತಪ್ಪೇನಿಲ್ಲ.

ಈಗ ಒಂದು ಲಾರಿಯ ಲೆಕ್ಕ ಹಾಕೋಣ. ಶ್ರೀನಿವಾಸಪುರದಲ್ಲಿ ತೋತಾಪುರಿ ಕೆಜಿಗೆ 4 ರೂಪಾಯಿ ಅಂದುಕೊಳ್ಳಿ. ಹತ್ತು ಟನ್ ತುಂಬಿದ ಲಾರಿಯಲ್ಲಿ 40,000 ರೂಪಾಯಿಯ ಹಣ್ಣು. ಚಿತ್ತೂರಿನ ಫ್ಯಾಕ್ಟರಿ ಅಲ್ಲಿನ ರೈತರಿಂದ ಅಷ್ಟೇ ಹಣ್ಣು ಕೊಂಡರೆ, ಸರ್ಕಾರದ ದರದಲ್ಲಿ 80,000 ಕೊಡಬೇಕು. ಕೋಲಾರದ ಹಣ್ಣನ್ನು ಬಾಡಿಗೆ ಎಲ್ಲ ಸೇರಿ 6 ರೂಪಾಯಿಗೆ ತರಿಸಿಕೊಂಡರೂ ಒಂದು ಲಾರಿಯಲ್ಲಿ 20,000 ಉಳಿಯಿತು. ಯಾವ ವ್ಯಾಪಾರಿ ಇದನ್ನು ಬಿಡುತ್ತಾನೆ?

ಸೋರುವ ದಾರಿ ಇನ್ನೊಂದು ಇದೆ. ಸರ್ಕಾರ ಕೊಡುವ 4 ರೂಪಾಯಿ ಆಂಧ್ರದ ರೈತರಿಗೆ ಮಾತ್ರ. ಆದರೆ ಹಣ್ಣಿನ ಮೇಲೆ ಊರಿನ ಹೆಸರು ಬರೆದಿರುತ್ತದಾ? ಕೋಲಾರದ ಲೋಡು ಆ ಕಡೆಯ ರೈತನೊಬ್ಬನ ಹೆಸರಿನಲ್ಲಿ ತೂಕವಾದರೆ ಅದೇ ಲಾರಿಗೆ 40,000 ರೂಪಾಯಿ ಸಬ್ಸಿಡಿ. ಗಡಿ ಹಳ್ಳಿಗಳಲ್ಲಿ ಮನೆ ಈ ಕಡೆ, ತೋಟ ಆ ಕಡೆ ಇರುವವರೂ ಇರುತ್ತಾರೆ. ಅವರ ಹಣ್ಣು ಯಾವ ರಾಜ್ಯದ್ದು?

ಅಂದರೆ 12 ರೂಪಾಯಿ ಎಂದು ಹೇಳಿದ ಗಳಿಗೆಯಲ್ಲೇ ಗೇಟಿಗೂ ಗುಂಡಿ ತೋಡಿ ಆಗಿತ್ತು. ಗೇಟು ಹಾಕದೆ ಬಿಟ್ಟರೆ ಅಗ್ಗದ ಹಣ್ಣೆಲ್ಲ ಅಲ್ಲಿಗೇ ಹರಿಯುತ್ತದೆ, ಸ್ಥಳೀಯ ರೈತರ ಹಣ್ಣು ತೋಟದಲ್ಲೇ ಉಳಿಯುತ್ತದೆ, ಖಜಾನೆ ಖಾಲಿಯಾಗುತ್ತದೆ. ಚಿತ್ತೂರಿನ ಅಧಿಕಾರಿಗೆ ಕೋಲಾರದ ಮೇಲೆ ದ್ವೇಷ ಇರಬೇಕಾಗಿಲ್ಲ. ಬೆಲೆ ಕಟ್ಟಿದವರು ಬೇಲಿಯನ್ನೂ ಕಟ್ಟಬೇಕಾಗುತ್ತದೆ, ಅಷ್ಟೆ. ಜೊತೆಗೆ ಶ್ರೀನಿವಾಸಪುರದ ರೈತರಿಗೆ ಚಿತ್ತೂರಿನಲ್ಲಿ ಓಟಿಲ್ಲ. ಬೇಲಿಯ ಖರ್ಚನ್ನು ಓಟಿಲ್ಲದವರ ಮೇಲೆ ಹಾಕುವುದು ಯಾವ ಸರ್ಕಾರಕ್ಕೂ ಸುಲಭ.

ಇದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಅಲ್ಲಿಂದ ಹೊರಟ ಫೋನು ಸಮುದ್ರ ದಾಟುತ್ತದೆ. ಶ್ರೀನಿವಾಸಪುರದ ಮಾವು ನಂಗಲಿ ದಾಟಲಿಲ್ಲ.

ಕಾನೂನು ಏನನ್ನುತ್ತದೆ

ಸಂವಿಧಾನದ 301ನೇ ವಿಧಿಯ ಪ್ರಕಾರ ದೇಶದೊಳಗೆ ವ್ಯಾಪಾರ, ವಹಿವಾಟು, ಸಾಗಾಟ ಮುಕ್ತ. ಸಾರ್ವಜನಿಕ ಹಿತಕ್ಕಾಗಿ ಸಂಸತ್ತು ನಿರ್ಬಂಧ ಹಾಕಬಹುದು. ರಾಜ್ಯವೂ ಹಾಕಬಹುದು, ಆದರೆ 304ನೇ ವಿಧಿಯಂತೆ ಅದಕ್ಕೆ ಶಾಸನಸಭೆಯ ಕಾನೂನು ಬೇಕು, ಆ ಮಸೂದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಮೊದಲೇ ಬೇಕು, ನಿರ್ಬಂಧವೂ ಅತಿಯಾಗಿರಬಾರದು. ಒಬ್ಬ ಜಿಲ್ಲಾಧಿಕಾರಿಯ ಸಹಿಯಿಂದ ಆಗುವ ಕೆಲಸ ಇದಲ್ಲ ಅಂತಲೇ ನನಗನ್ನಿಸುತ್ತದೆ. ಆದರೆ ಕೋರ್ಟಿಗೆ ಹೋಗಿ ಆದೇಶ ತರುವಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ. ಸೀಸನ್ ಇರುವುದೇ ಎರಡು ಮೂರು ತಿಂಗಳು.

ಇದು ಎಲ್ಲಿಯ ವಾದ

ಬೆಲೆ ಅಂದರೆ ಒಂದು ಸುದ್ದಿ ಎನ್ನುವುದು ಲಿಬರ್ಟೇರಿಯನ್ನರ ಮೂಲ ಮಾತು. 1974ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಹಯೆಕ್ ಇದನ್ನೇ ಒತ್ತಿ ಹೇಳಿದವರು. ತಿರುಳು ಗೋದಾಮಿನಲ್ಲಿ ಮಿಕ್ಕಿದೆ ಎಂಬ ವಿಷಯ ಶ್ರೀನಿವಾಸಪುರದ ರೈತರಿಗೆ ತಲುಪುವುದು ಸುತ್ತೋಲೆಯಿಂದ ಅಲ್ಲ, ಬಿದ್ದ ಬೆಲೆಯಿಂದ. ಆ ಸುದ್ದಿ ಕಹಿ. ಆದರೂ ಕೇಳಿದವರು ಮುಂದಿನ ವರ್ಷಕ್ಕೆ ಏನಾದರೂ ಬದಲಿಸಿಕೊಳ್ಳುತ್ತಾರೆ. ಸರ್ಕಾರ ಮಧ್ಯೆ ಬಂದು 12 ಎಂದರೆ ಸುದ್ದಿಯೇ ಸುಳ್ಳಾಗುತ್ತದೆ. ತಿರುಳು ಮಿಕ್ಕಿರುವಾಗಲೂ ‘ಇನ್ನೂ ಬೆಳೆಯಿರಿ’ ಅನ್ನುತ್ತದೆ ಆ ದರ.

ಇದು ಅಮೆರಿಕದಿಂದ ತಂದ ಮಾತು, ನಮಗೆ ಹೊಂದಲ್ಲ ಅನ್ನುವವರಿದ್ದಾರೆ. ನಮ್ಮ ನೆಲದಲ್ಲೂ ಅದನ್ನು ಹೇಳಿದವರಿದ್ದರು. ಮಂಗಳೂರು ಸೀಮೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ 1955ರಲ್ಲಿ, ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಒಬ್ಬರೇ ನಿಂತು ಭಿನ್ನಮತದ ಟಿಪ್ಪಣಿ ಬರೆದರು. ಸರ್ಕಾರಿ ನಿಯಂತ್ರಣಗಳ ಬಗ್ಗೆ, ಕೊರತೆ ಬಜೆಟ್ಟಿನ ಬಗ್ಗೆ ಎಚ್ಚರಿಸಿದ್ದರು. 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದಾಗ ‘ಪರ್ಮಿಟ್ ಲೈಸೆನ್ಸ್ ರಾಜ್’ ಎಂಬ ಮಾತು ಮನೆಮಾತಾಯಿತು. ಇದರ ಎದುರು ವಾದಕ್ಕೂ ಊರು ಹತ್ತಿರವೇ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಎಂದು 1934ರಲ್ಲೇ ಬರೆದಿದ್ದರು. ಈ ಜಗಳದಲ್ಲಿ ಎರಡು ಕಡೆಗೂ ನಮ್ಮವರೇ ಸಿಗುತ್ತಾರೆ.

ನಾವು ಹಾಕಿದ ಗೇಟುಗಳು

ಚಿತ್ತೂರಿನ ಆದೇಶ ಅನ್ಯಾಯ ಎಂದು ಕರ್ನಾಟಕದಲ್ಲಿ ಎಲ್ಲ ಪಕ್ಷದವರೂ ಹೇಳಿದರು. ಸರಿ. ಆದರೆ 2023ರ ಏಪ್ರಿಲ್ ನೆನಪಿದೆಯಾ? ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇನೆ ಎಂದಾಗ, ಚುನಾವಣೆ ಹೊತ್ತಲ್ಲಿ, ನಂದಿನಿಗೆ ಕುತ್ತು ಬಂತೆಂದು ಎಷ್ಟು ಗಲಾಟೆ ಆಯಿತು! ಅದೇ ನಂದಿನಿ ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಹಾಲು ಒಕ್ಕೂಟ ಮಿಲ್ಮಾ ತಕರಾರು ತೆಗೆಯಿತು. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಗೂ ಹೋಯಿತು, ನಾವು ಹೆಮ್ಮೆ ಪಟ್ಟೆವು. ನಮ್ಮ ಹಾಲು ಹೊರಗೆ ಹೋಗಬೇಕು, ಅವರ ಹಾಲು ಒಳಗೆ ಬರಬಾರದು. ಚಿತ್ತೂರಿನವರ ತರ್ಕಕ್ಕೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ.

ಹಾಲಿನ ಡೇರಿಗೆ ಹಾಕುವ ರೈತರಿಗೆ ಸರ್ಕಾರ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳ ಸಂತೆ ಖರ್ಚು ನಡೆಯುವುದೇ ಹಾಲಿನ ದುಡ್ಡಲ್ಲಿ. ಆದರೆ ಅದು ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಖಾಸಗಿ ಡೇರಿಗೆ ಹಾಕಿದರೆ ಇಲ್ಲ. ಕಣ್ಣಿಗೆ ಕಾಣದಿದ್ದರೂ ಇದೂ ಒಂದು ಗೇಟೇ.

ರಾಗಿ ನೋಡಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಪೇಟೆಯ ದರ ಅದಕ್ಕಿಂತ ಕೆಳಗಿದ್ದರೆ ಎಲ್ಲರೂ ಖರೀದಿ ಕೇಂದ್ರಕ್ಕೇ ತರುತ್ತಾರೆ. ವ್ಯಾಪಾರಿ ಕೂಡ ರೈತನ ಹೆಸರಲ್ಲಿ ತರುತ್ತಾನೆ. ಅದಕ್ಕೇ ರೈತರ ಗುರುತಿನ ಎಫ್‌ಐಡಿ ನಂಬರ್ ಬೇಕು, ಬೆಳೆ ಸಮೀಕ್ಷೆಯಲ್ಲಿ ಹೆಸರಿರಬೇಕು, ಎಕರೆಗೆ ಇಷ್ಟೇ ಕ್ವಿಂಟಾಲ್ ಅಂತ ಮಿತಿ. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ತಲಾ 20 ಕ್ವಿಂಟಾಲ್ ಮೀರದಂತೆ ಕೊಂಡರು. ತುಮಕೂರಿನ ಖರೀದಿ ಕೇಂದ್ರದ ಮುಂದೆ ಸಾಲು ನಿಂತವರು ಅಧಿಕಾರಿಗಳನ್ನು ಬಯ್ಯುತ್ತಾರೆ. ಆ ಸಾಲನ್ನು ಹುಟ್ಟಿಸಿದ್ದು ದರವೇ.

ಬೆಲೆ ಏರಿದಾಗ ಇದೇ ಆಟ ತಿರುಗಿಬೀಳುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಆಗ ಕೇಂದ್ರ ಸರ್ಕಾರ ತನ್ನ ಏಜೆನ್ಸಿಗಳಿಂದ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಕೆಜಿಗೆ 90ಕ್ಕೆ, ಆಮೇಲೆ ಇನ್ನೂ ಕಡಿಮೆಗೆ ಮಾರಿಸಿತು. ಆಗಸ್ಟ್‌ನಲ್ಲಿ ನೇಪಾಳದಿಂದಲೂ ತರಿಸಲಾಯಿತು. ಟೊಮೆಟೊ ಬೆಳೆದವರು ಹತ್ತು ಸಲ ಸೋತು ಒಂದು ಸಲ ಗೆದ್ದಾಗ ಗೆಲುವಿಗೆ ಕತ್ತರಿ ಹಾಕುವುದು, ಬಿದ್ದಾಗ ಪರಿಹಾರ ಕೊಡುವುದು. ಎರಡನ್ನೂ ಮಾಡದಿದ್ದರೆ ರೈತರೇ ಏಳುಬೀಳಿನ ಸರಾಸರಿ ಹಾಕಿಕೊಳ್ಳುತ್ತಿದ್ದರು ಎನ್ನುತ್ತದೆ ಈ ವಾದ.

1,616ರ ಒಳಗೆ ಏನಿದೆ

ಈಗ ಆ ಕೇಂದ್ರದ ದರ. ಸರ್ಕಾರ ಹಣ್ಣು ಕೊಳ್ಳುವುದಿಲ್ಲ. ರೈತರು ಪೇಟೆಯಲ್ಲಿ ಮಾರುತ್ತಾರೆ, ಸಿಕ್ಕ ದರಕ್ಕೂ 1,616ಕ್ಕೂ ಇರುವ ವ್ಯತ್ಯಾಸ ಅವರ ಖಾತೆಗೆ ಬರುತ್ತದೆ. ಅದೂ ಪೂರ್ತಿ ಅಲ್ಲ. ಕಟ್ಟಿದ ದರದ ಶೇ 25 ದಾಟುವಂತಿಲ್ಲ, ಅಂದರೆ ಕ್ವಿಂಟಾಲ್‌ಗೆ ಹೆಚ್ಚೆಂದರೆ 404 ರೂಪಾಯಿ, ಕೆಜಿಗೆ 4 ರೂಪಾಯಿ. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಕೆಜಿಗೆ 4 ರೂಪಾಯಿಗೆ ಮಾರಿದವರ ಕೈಗೆ ಒಟ್ಟು 8 ಬರುತ್ತದೆ, 16 ಬರುವುದಿಲ್ಲ. ‘ಮಾವಿಗೆ 16 ರೂಪಾಯಿ’ ಎಂದು ಓದಿದವರು ಮೋಸಹೋದದ್ದು ಇಲ್ಲಿ.

ಬೇರೆ ಎರಡು ಅಂಕಿಗಳ ಗೊಂದಲವೂ ಇತ್ತು. ಮುಖ್ಯಮಂತ್ರಿ ಕೇಂದ್ರಕ್ಕೆ ಬರೆದ ಪತ್ರದಲ್ಲಿ ಬೆಲೆ ಕ್ವಿಂಟಾಲ್‌ಗೆ 12,000ದಿಂದ 3,000ಕ್ಕೆ ಕುಸಿದಿದೆ, ಬೆಳೆಯುವ ಖರ್ಚು 5,466 ಎಂದಿತ್ತು. ಪೇಟೆ ದರ ನಿಜಕ್ಕೂ 3,000 ಇದ್ದರೆ 1,616ಕ್ಕಿಂತ ಮೇಲಾಯಿತು, ವ್ಯತ್ಯಾಸ ಕೊಡುವ ಪ್ರಶ್ನೆಯೇ ಇಲ್ಲ ಅಲ್ವಾ? ಪತ್ರ ಮಾತಾಡಿದ್ದು ಒಟ್ಟು ಮಾವಿನ ಬಗ್ಗೆ, ಕೇಂದ್ರದ ದರ ತೋತಾಪುರಿಗೆ ಮಾತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಖರ್ಚು 5,466, ಕೊಟ್ಟದ್ದು 1,616’ ಎಂದು ಭಾಷಣ ಮಾಡಿದರೆ ಚಪ್ಪಾಳೆ ಬೀಳುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ.

ದುಡ್ಡು ಎಷ್ಟು? 2.5 ಲಕ್ಷ ಟನ್‌ಗೆ ಗರಿಷ್ಠ 404ರಂತೆ 101 ಕೋಟಿ. ರಾಜ್ಯದ ಪಾಲು ಸುಮಾರು 50 ಕೋಟಿ. 2025-26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ, ಗ್ಯಾರಂಟಿಗಳಿಗೇ 51,034 ಕೋಟಿ. ಬಜೆಟ್ಟಿನ ನೂರು ರೂಪಾಯಿಯಲ್ಲಿ ಮಾವಿಗೆ ಹೋಗುವುದು ಒಂದು ಪೈಸೆಯ ಆಸುಪಾಸು. ಹಾಗಾಗಿ ಖಜಾನೆ ಮುಳುಗಿತು ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಜಗಳ ಇರುವುದು ದುಡ್ಡು ಯಾರಿಗೆ ತಲುಪುತ್ತದೆ ಎನ್ನುವುದರಲ್ಲಿ.

ಶ್ರೀನಿವಾಸಪುರದ ಕಡೆ ಎಷ್ಟೋ ತೋಟಗಳ ಫಸಲು ಹೂವು ಬಿಡುವ ಹೊತ್ತಿಗೇ ಗುತ್ತಿಗೆಗೆ ಹೋಗಿರುತ್ತದೆ. ತೋಟದ ಯಜಮಾನರು ದುಡ್ಡು ಎಣಿಸಿಕೊಂಡು ಆಗಿರುತ್ತದೆ. ಔಷಧಿ ಹೊಡೆಸುವುದು, ಕಾವಲು, ಕೊಯ್ಲಿನ ಕೂಲಿ, ಸಾಗಾಟ ಎಲ್ಲ ಗುತ್ತಿಗೆದಾರನ ತಲೆ ಮೇಲೆ. ಬೆಲೆ ಬಿದ್ದಾಗ ನಷ್ಟವೂ ಅವನದೇ. ಆದರೆ ಸರ್ಕಾರದ ಕಣ್ಣಿಗೆ ಕಾಣುವುದು ಪಹಣಿ. ಪಹಣಿಯಲ್ಲಿ ಇರುವುದು ಯಜಮಾನರ ಹೆಸರು. ವ್ಯತ್ಯಾಸದ ಹಣ ಪಹಣಿ ಹಿಡಿದು ಹೋದರೆ ನಷ್ಟ ಆಗದವರಿಗೆ ಪರಿಹಾರ. ಗುತ್ತಿಗೆದಾರರಿಗೆ ಕೊಡೋಣ ಅಂದರೆ ಅವರ ಕೈಯಲ್ಲಿ ಕಾಗದ ಇಲ್ಲ, ಒಪ್ಪಂದ ಬಾಯಿಮಾತಿನದು. ವಿಧಾನಸೌಧದಲ್ಲಿ ಕೂತು ಇದನ್ನು ಬಿಡಿಸಲಾಗುವುದಿಲ್ಲ. ಅಧಿಕಾರಿಗಳು ಕೆಟ್ಟವರು ಅಂತ ಅಲ್ಲ, ತೋಟ ತೋಟಕ್ಕೂ ಬೇರೆ ಇರುವ ಈ ತಿಳಿವಳಿಕೆ ಅವರ ಮೇಜಿಗೆ ಬರುವುದೇ ಇಲ್ಲ. ಹಯೆಕ್ ಹೇಳಿದ್ದೂ ಇದನ್ನೇ.

ವಾದ ಎಡವುವ ಜಾಗ

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಕೇಳಬೇಕು. ರೈತ ಸಂಘಟನೆಗಳು ಕೇಳುವ ಪ್ರಶ್ನೆ ಸುಲಭದ್ದಲ್ಲ. ಟೊಮೆಟೊ ಬೆಳೆದವರು ಮೂರು ತಿಂಗಳಿಗೆ ಬೆಳೆ ಬದಲಿಸಬಹುದು. ಮಾವಿನ ಗಿಡ ನೆಟ್ಟು ಫಲ ಕಾಣಲು ವರ್ಷಗಟ್ಟಲೆ ಕಾಯಬೇಕು. ಬೆಲೆ ಎಂಬ ಸುದ್ದಿ ಕೇಳಿ ಈಗ ಏನು ಮಾಡಬೇಕು, ಮರ ಕಡಿಯಬೇಕಾ? ಎರಡನೆಯದು, ಮುಕ್ತ ಪೇಟೆ ಅಂದರೆ ಮಾರುವವರೂ ಕೊಳ್ಳುವವರೂ ಬೇಕಾದಷ್ಟು ಇರಬೇಕು. ಇಲ್ಲಿ ಮಾರುವವರು ಸಾವಿರಾರು, ಕೊಳ್ಳುವ ಫ್ಯಾಕ್ಟರಿಗಳು ಕೆಲವೇ. ಕೊಯ್ದ ಹಣ್ಣು ಕಾಯುವುದಿಲ್ಲ, ಫ್ಯಾಕ್ಟರಿ ಕಾಯಬಲ್ಲದು. ಇಂಥ ಕಡೆ ಬೆಲೆ ಸುದ್ದಿ ಅಷ್ಟೇ ಅಲ್ಲ, ಬಲಾಬಲವೂ ಹೌದು.

ಲಿಬರ್ಟೇರಿಯನ್ನರ ಉತ್ತರ ಹೀಗಿದೆ: ಕೊಳ್ಳುವವರು ಕಡಿಮೆ ಯಾಕಿದ್ದಾರೆ, ಮೊದಲು ಅದನ್ನು ನೋಡಿ. ಶ್ರೀನಿವಾಸಪುರದ ರೈತರೇ ಸೇರಿ ತೋಟದ ಮಗ್ಗುಲಲ್ಲಿ ಪಲ್ಪ್ ಘಟಕ ಹಾಕಬೇಕೆಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಬೇಕು, ಆಹಾರ ಸುರಕ್ಷತೆಯ ಲೈಸೆನ್ಸ್ ಬೇಕು, ಕರೆಂಟು ಬೇಕು. ಒಂದೊಂದಕ್ಕೂ ಒಂದೊಂದು ಮೇಜು. ದೊಡ್ಡ ಕಂಪನಿಗೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಿದ್ಧ ಇರುತ್ತದೆ, ಸಣ್ಣವರು ಅಲೆಯುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ಪೂರ್ತಿ ಉತ್ತರ ಅಲ್ಲ ಅಂತ ನನ್ನ ಅನಿಸಿಕೆ. ವರ್ಷಕ್ಕೆ ಎರಡು ಮೂರು ತಿಂಗಳು ಓಡಿ, ಮಿಕ್ಕ ದಿನ ಬೀಗ ಹಾಕುವ ಫ್ಯಾಕ್ಟರಿಗೆ ಲೈಸೆನ್ಸ್ ಎಷ್ಟೇ ಸಲೀಸಾದರೂ ಸಾಲ ಕೊಡುವವರು ಯೋಚನೆ ಮಾಡುತ್ತಾರೆ.

ತೆರಿಗೆ ವಿಷಯದಲ್ಲಿ ಅವರ ಮಾತು ಜಾಸ್ತಿ ಗಟ್ಟಿ. ಹಣ್ಣಿನ ತಿರುಳಿನ ಪಾನೀಯದ ಮೇಲೆ ಶೇ 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5 ಆಯಿತು. ಅದೇ ಮಾವಿನ ರಸಕ್ಕೆ ಗ್ಯಾಸ್ ತುಂಬಿದರೆ ಶೇ 40. ತಿರುಳು ಮಿಕ್ಕಿದೆ ಎನ್ನುವ ವರ್ಷದಲ್ಲಿ ಜ್ಯೂಸ್ ಮೇಲೆ ತೆರಿಗೆ ಹಾಕಿ, ಆ ದುಡ್ಡಿನಲ್ಲೇ ರೈತರಿಗೆ 4 ರೂಪಾಯಿ ಪರಿಹಾರ ಕೊಡುವುದು ಒಂದು ಜೇಬಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ. ಮಧ್ಯೆ ಒಂದಷ್ಟು ಸೋರಿರುತ್ತದೆ.

ಮುಂದೆ ಏನಾಗಬಹುದು

ತೆರಿಗೆ ಇಳಿದದ್ದರಿಂದ ಜ್ಯೂಸ್ ಮಾರಾಟ ಏರಿದರೆ ಹಳೆಯ ತಿರುಳು ಕರಗುತ್ತದೆ, ಫ್ಯಾಕ್ಟರಿಗಳಿಗೆ ಮತ್ತೆ ಹಣ್ಣು ಬೇಕಾಗುತ್ತದೆ. ಆಗ ಚಿತ್ತೂರಿನವರೇ ಕೋಲಾರದ ಲಾರಿಗಳನ್ನು ಕರೆಯುತ್ತಾರೆ. ಕರಗದಿದ್ದರೆ ಆಂಧ್ರ ಸರ್ಕಾರ ಮತ್ತೆ ದರ ಕಟ್ಟಬೇಕಾಗುತ್ತದೆ, ದರದ ಹಿಂದೆಯೇ ಗೇಟೂ ಬರುತ್ತದೆ. ಕರ್ನಾಟಕವೂ ಪ್ರತಿ ವರ್ಷ ದರ ಕಟ್ಟುವ ಅಭ್ಯಾಸಕ್ಕೆ ಬಿದ್ದರೆ ಅದಕ್ಕೂ ಗೇಟು ಬೇಕಾಗುತ್ತದೆ. ಕೃಷ್ಣಗಿರಿಯಲ್ಲೂ ತೋತಾಪುರಿ ಬೆಳೆಯುತ್ತಾರೆ, ಅಲ್ಲಿಂದ ಈ ಕಡೆಗೆ ದಾರಿ ದೂರವಿಲ್ಲ.

ಈ ಎರಡರಲ್ಲಿ ಯಾವುದಾಗುತ್ತದೆ ಎನ್ನುವುದರ ಮೊದಲ ಸುಳಿವು ವಿಧಾನಸೌಧದಿಂದಲೂ ಬರುವುದಿಲ್ಲ, ಅಮರಾವತಿಯಿಂದಲೂ ಬರುವುದಿಲ್ಲ. ಹೂವಿನ ಕಾಲದಲ್ಲಿ ಗುತ್ತಿಗೆದಾರರು ತೋಟ ನೋಡಲು ಬರುತ್ತಾರೆ. ಮರ ಎಣಿಸುತ್ತಾರೆ, ಹೂವಿನ ದಟ್ಟಣೆ ನೋಡುತ್ತಾರೆ, ಒಂದು ಮೊತ್ತ ಹೇಳುತ್ತಾರೆ. ಮುಂದಿನ ಜೂನ್‌ನಲ್ಲಿ ನಂಗಲಿ ರಸ್ತೆ ತೆರೆದಿರುತ್ತದಾ ಇಲ್ಲವಾ ಎಂಬ ಅವರ ಅಂದಾಜೂ ಆ ಮೊತ್ತದೊಳಗೆ ಸೇರಿರುತ್ತದೆ.